ಕುಮಗಾಯ್ ಆಗದ ಮನೆ

ಅಕೈಸೊ ಹಳ್ಳಿ, ನೊತೊ ಕರಾವಳಿ
ಮೇಯ್ಜಿ ಎಂಟನೆಯ ವರ್ಷ, ನಾಲ್ಕನೆಯ ತಿಂಗಳ ಹತ್ತು

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಉತ್ತರದ ಎಝೊ ದ್ವೀಪದ ಚಳಿಗೆ ನಿಮ್ಮ ಎಡಮೊಣಕಾಲು ಮತ್ತೆ ಹಿಡಿದುಕೊಂಡಿಲ್ಲ ತಾನೇ? ಅಮ್ಮ ಪಕ್ಕದಲ್ಲೇ ಕೂತು ಹುಳಿಹಾಕಿದ ಮೂಲಂಗಿ ಹೆಚ್ಚುತ್ತಿದ್ದಾಳೆ. ಮೊದಲು ಮೊಣಕಾಲು ಕೇಳು, ಆಮೇಲೆ ಹೊಟ್ಟೆ ಕೇಳು, ಆಮೇಲೆ ಮಿಕ್ಕಿದ್ದು ಎಂದಳು. ಹಾಗಾಗಿ ಹೊಟ್ಟೆಯನ್ನೂ ಕೇಳುತ್ತಿದ್ದೇನೆ. ನಿಶಿನ್ ಮೀನು ಈ ವರ್ಷ ದಡ ಬೆಳ್ಳಗಾಗುವಷ್ಟು ಬಂದಿದೆ ಎಂದು ಹಡಗಿನವರು ಹೇಳಿದರು. ಮೀನು ಬಂದಿತೆಂದು ಬೆಳಗಿನಿಂದ ಬೈಗಿನವರೆಗೂ ನೀರಲ್ಲೇ ನಿಲ್ಲಬೇಡಿ. ಒಳಗಂಗಿ ಒದ್ದೆಯಾದರೆ ಮೈಮೇಲೇ ಒಣಗಿಸಿಕೊಳ್ಳುವ ಚಾಳಿ ನಿಮಗಿದೆ, ಅದನ್ನು ಬಿಡಬೇಕಂತೆ. ಇದೂ ಅಮ್ಮನ ಮಾತೇ. ಈ ಪತ್ರವನ್ನು ನಿಮಗೆ ಓದಿ ಹೇಳುವ ಗುಮಾಸ್ತರಿಗೂ ನನ್ನ ನಮಸ್ಕಾರ. ದೇವಸ್ಥಾನದ ಶಾಲೆಯಲ್ಲಿ ಕಲಿತ ನಾಲ್ಕಕ್ಷರವೇ ನನ್ನ ಬಂಡವಾಳ, ತಪ್ಪಿದ್ದಲ್ಲಿ ಅವರೇ ತಿದ್ದಿ ಓದಿಕೊಳ್ಳಲಿ.

ಮನೆಯಲ್ಲಿ ಎಲ್ಲರೂ ಕ್ಷೇಮ. ಇವಜೊ ಅಣ್ಣ ಬಲೆಗಳನ್ನೆಲ್ಲ ರಿಪೇರಿ ಮಾಡಿ ಮುಗಿಸಿದ. ನಾನು ದಿನವೂ ಮುಂಜಾನೆ ಒತೊರಾ ಅಜ್ಜಿಯ ಉಪ್ಪಿನ ಗದ್ದೆಗೆ ಹೋಗಿ ಸಮುದ್ರದ ನೀರು ಹೊತ್ತು ಮರಳಿನ ಮೇಲೆ ಎರಚಿ ಬರುತ್ತೇನೆ. ನಾನು ಎರಚುವ ರೀತಿ ಅಜ್ಜಿಗೆ ಇನ್ನೂ ಹಿಡಿಸಿಲ್ಲ. "ಏನೋ, ಹೆಣಕ್ಕೆ ನೀರು ಚಿಮುಕಿಸ್ದಂಗೆ ಚಿಮುಕಿಸ್ತೀಯಲ್ಲೋ! ಮಳೆ ಥರ ಬೀಳ್ಬೇಕು, ಮಳೆ ಥರ!" ಎಂದು ಗುಡಿಸಲ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ಬೈದ ಮೇಲೆ ಬೆಂಕಿಯಲ್ಲಿ ಸುಟ್ಟ ಒಣ ಕಣವೆಮೀನು ಕೈಗಿಡುತ್ತಾಳೆ. ಹೀಗೆ ದತ್ತು ಹೋಗುವ ಮುಂಚೆಯೇ ನಾನು ಅರ್ಧ ಆ ಮನೆಯವನಾಗಿದ್ದೇನೆ. ಬರುವ ವಸಂತಕ್ಕೆ ನನಗೆ ಇಪ್ಪತ್ತು ತುಂಬುತ್ತದೆ. ಅಣ್ಣ ಮನೆಯ ವಾರಸುದಾರ, ಅವನನ್ನು ದಂಡಿಗೆ ಕರೆಯುವುದಿಲ್ಲ. ಎರಡನೆಯವನಾದ ನನ್ನನ್ನು ಕರೆದೇ ಕರೆಯುತ್ತಾರೆ. ಒತೊರಾ ಅಜ್ಜಿಯ ಮನೆಗೆ ವಾರಸುದಾರನಾದರೆ ಮಾತ್ರ ನಾನೂ ಉಳಿಯುತ್ತೇನೆ. ಇದೆಲ್ಲ ನೀವೇ ಅಜ್ಜಿಯ ಜೊತೆ ಕೂತು ಮಾತಾಡಿ ಗಟ್ಟಿ ಮಾಡಿದ ವಿಷಯ. ಆದರೂ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಅದಕ್ಕೇ ಬಂದು ಸೇರುತ್ತದೆ.

ನೀವು ಹಡಗು ಹತ್ತುವ ಹಿಂದಿನ ದಿನವೇ ಅಲ್ಲವೇ, ಇನ್ನು ಮೇಲೆ ಪ್ರತಿ ಮನೆಗೂ ಒಂದು ಮನೆತನದ ಹೆಸರು ಇರಲೇಬೇಕೆಂಬ ಸರ್ಕಾರದ ಆಜ್ಞೆಯನ್ನು ಊರ ಮುಖಂಡರು ಓದಿದ್ದು? ಅಜ್ಜ ಮುತ್ತಜ್ಜಂದಿರ ಕಾಲದಿಂದ ಬರೀ ಕಿಹಾಚಿ, ಮೊಸುಕೆ ಎಂದು ಬದುಕಿದ ನಮ್ಮಂಥವರಿಗೂ ದೊರೆಗಳ ಹಾಗೆ ಎರಡು ಹೆಸರು! ನೀವು ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ನೀರಲ್ಲಿ ಇಟ್ಟುಕೊಂಡು, "ಕುಮಗಾಯ್! ನಮ್ಮನೆಗೆ ಕುಮಗಾಯ್! ಮರೀಬೇಡ್ರೋ!" ಎಂದು ಕೂಗಿದಿರಿ. ದೋಣಿ ಅಲೆ ದಾಟುವವರೆಗೂ ಕೂಗುತ್ತಲೇ ಇದ್ದಿರಿ. ನಾವೂ ಮರೆತಿರಲಿಲ್ಲ ಅಪ್ಪಾ.

ಗುರುಗಳು ದೇವಸ್ಥಾನದ ಜಗಲಿಯಲ್ಲಿ ಕೂತು ಹೆಸರು ಕೊಡತೊಡಗಿದರು. ಹೋದ ಚಳಿಗಾಲದಲ್ಲಿ ಬಂದಿದ್ದ ಕಥೆಗಾರ ಊರಿನ ತಲೆಯಲ್ಲೆಲ್ಲ ಯುದ್ಧವನ್ನೇ ತುಂಬಿ ಹೋಗಿದ್ದನಲ್ಲ, ಅದರ ಫಲ ಆವತ್ತು ಕಂಡಿತು. ಹೊಲ, ಗುಡ್ಡ, ಬಾವಿಯ ಹೆಸರು ಯಾರಿಗೂ ಬೇಡ. ಎಲ್ಲರಿಗೂ ಕುದುರೆ ಮೇಲೆ ಕೂತವರದ್ದೇ ಬೇಕು. ಮರದ ತೊಟ್ಟಿ ಮಾಡುವ ಕಿಹಾಚಿ ಮಾವ ತಕೆದಾ ಆದರು. ಅವರ ಗೋಡೆಗೆ ಗೋಡೆ ಅಂಟಿಸಿಕೊಂಡಿರುವ, ಕಡಲಸೊಪ್ಪು ಮಾರುವ ಮೊಸುಕೆ ಮಾವ ಸುಮ್ಮನಿರುತ್ತಾರೆಯೇ, ಉಎಸುಗಿ ಆದರು. ಆ ಇಬ್ಬರು ದೊರೆಗಳು ಒಂದೇ ನದೀಬಯಲಿನಲ್ಲಿ ಮತ್ತೆ ಮತ್ತೆ ಕಾದಾಡಿದ್ದು ಕೂಸಿಗೂ ಗೊತ್ತು. ಹುಟ್ಟಿದಾಗಿನಿಂದ ಒಂದೇ ಬಟ್ಟಲಿನಲ್ಲಿ ಕುಡಿದ ಸ್ನೇಹಿತರು ಹೆಸರು ಬಂದ ಎರಡನೇ ದಿನವೇ ಜಗಳಕ್ಕೆ ನಿಂತರು. ಕಿಹಾಚಿ ಮಾವನ ಸೂರಿನ ನೀರು ಮೊಸುಕೆ ಮಾವನ ಅಂಗಳಕ್ಕೆ ಬೀಳುವುದು ಇವತ್ತಿನದೇ? "ತಕೆದಾನ ನೀರು ಉಎಸುಗಿಯ ನೆಲಕ್ಕೆ ಬೀಳೋಹಾಗಿಲ್ಲ!" "ಬೀಳುತ್ತೆ! ನಿಮ್ಮ ದೊರೆ ಬಂದು ತಡೀಲಿ!" ಕಡೆಗೆ ಮೊಸುಕೆ ಮಾವನ ಹೆಂಡತಿ ಒಂದು ಬೋಗುಣಿ ಉಪ್ಪು ತಂದು ಕಿಹಾಚಿ ಮಾವನ ಹೊಸಿಲಲ್ಲಿಟ್ಟು, "ಆ ಕಾಲದ ಉಎಸುಗಿ ಶತ್ರುಗೂ ಉಪ್ಪು ಕಳಿಸಿದ್ನಂತಪ್ಪ. ತಗೊಳ್ಳಿ, ಮೂಲಂಗಿ ಹುಳಿ ಹಾಕ್ಕೊಂಡು ತೆಪ್ಪಗಿರಿ" ಎಂದಳು. ಆಮೇಲೆ ಇಬ್ಬರೂ ನಕ್ಕು ಒಟ್ಟಿಗೆ ಸಾಕೆ ಹೆಂಡ ಕುಡಿದರು. ನೀವಿದ್ದಿದ್ದರೆ ಮೂರನೆಯವರಾಗಿ ಕೂರುತ್ತಿದ್ದಿರಿ ಎಂದು ಅಮ್ಮ ಹೇಳುತ್ತಾಳೆ. ಬಯ್ಯುವಂತೆ ಹೇಳಿದರೂ ಮುಖದಲ್ಲಿ ಬೈಗುಳ ಇರಲಿಲ್ಲ.

ನಮ್ಮ ಸರದಿ ಬಂತು. ಅಣ್ಣ ಮುಂದೆ ಹೋಗಿ ಬಗ್ಗಿ, ಕುಮಗಾಯ್ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಅಮ್ಮ, "ಬೇಡ" ಎಂದಳು. ಅಷ್ಟು ಜನರ ಮುಂದೆ ಅಮ್ಮ ಗಟ್ಟಿಯಾಗಿ ಮಾತಾಡಿದ್ದು ನಾನು ನೋಡಿರಲಿಲ್ಲ. ಗುರುಗಳೂ ಕುಂಚ ಎತ್ತಿ ಹಿಡಿದೇ ನೋಡಿದರು. ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡಿ. "ಕಥೆಗಾರ ಹೇಳಿದ್ದು ನಾನೂ ಕೇಳಿದೀನಿ ಗುರುಗಳೇ. ಆ ಕುಮಗಾಯ್ ಕಡಲತೀರದಲ್ಲಿ ಒಬ್ಬ ಹುಡುಗನ್ನ ಕೆಡವಿ ಮುಖ ನೋಡ್ತಾನೆ. ತನ್ನ ಮಗನ ವಯಸ್ಸು. ಅಳ್ತಾ ಅಳ್ತಾನೇ ಕುತ್ತಿಗೆ ಕೊಯ್ತಾನೆ. ಅವನು ಆಮೇಲೆ ಸನ್ಯಾಸಿ ಆದ, ಸರಿ. ಆ ಹುಡುಗನ ತಾಯಿ ಏನಾದ್ಲು? ನನ್ನ ಮನೇಲಿ ಹತ್ತೊಂಬತ್ತರ ಹುಡುಗ ಇದಾನೆ. ಆ ಹೆಸರು ನನ್ನ ಬಾಗಿಲಿಗೆ ಬೇಡ." ಹಾಗಾದರೆ ಏನು ಬರೆಯಲಮ್ಮಾ ಎಂದು ಗುರುಗಳು ಕೇಳಿದರು. ಅಮ್ಮ ತಬ್ಬಿಬ್ಬಾಗಿ, "ನಮ್ಮನೆ ದಡದ ನಡುವೆ ಇದೆ" ಎಂದಳು, ದಾರಿ ಕೇಳಿದವರಿಗೆ ಹೇಳುವ ಹಾಗೆ. ಗುರುಗಳು ನಕ್ಕು ಹಮನಾಕ ಎಂದು ಬರೆದರು. ದಡದ ನಡು, ಅಷ್ಟೇ ಅರ್ಥ.

ಕಿಹಾಚಿ ಮಾವ ಕಾಲೆಳೆಯದೆ ಬಿಡಲಿಲ್ಲ. "ಹಮನಾಕ ಅಂತ ಯಾವ ವೀರ ಹುಟ್ಟಿದ್ದ ಅತ್ತಿಗೇ? ಕುದುರೆ ಬೇಡ, ಕತ್ತೆ ಹತ್ತಿದೋನಾದ್ರೂ ಒಬ್ಬ ಇದಾನಾ?" ಅಮ್ಮ ಅಂದದ್ದು: "ಯಾರೂ ಇಲ್ಲ. ಅಂದ್ರೆ ಯಾರೂ ಯಾರ ತಲೇನೂ ಕಡಿದಿಲ್ಲ ಅಂತಾನೇ ಅರ್ಥ." ಅಪ್ಪಾ, ಎಝೊದಲ್ಲಿ ನೀವು ಈಗಾಗಲೇ ಎಲ್ಲರಿಗೂ ಕುಮಗಾಯ್ ಎಂದು ಹೇಳಿಕೊಂಡಿರುತ್ತೀರಿ ಎಂದು ಅಣ್ಣ ಹೇಳುತ್ತಾನೆ. ಹಾಗಿದ್ದರೆ ನಿಮಗೆ ಮುಜುಗರವಾಗುತ್ತದೆ, ನನಗೆ ಗೊತ್ತು. ಆದರೆ ಮೊದಮೊದಲು ನನಗೂ ಸಪ್ಪೆಯೆನಿಸಿದ ಹೆಸರು ನಾಲ್ಕು ಸಲ ಬರೆದ ಮೇಲೆ ನಮ್ಮ ಮನೆಯ ಹಾಗೆಯೇ ಕಾಣತೊಡಗಿತು.

ಇಷ್ಟರಲ್ಲಿ ಮುಗಿಯಲಿಲ್ಲ. ತೊಯಾಮಾ ಕಡೆಯಿಂದ ವರ್ಷಕ್ಕೊಮ್ಮೆ ಬರುವ ಔಷಧಿ ವ್ಯಾಪಾರಿ ಬಂದ. ಹೊಟ್ಟೆನೋವಿನ ಗುಳಿಗೆ ಎಣಿಸುತ್ತ, "ಪಕ್ಕದ ಸೀಮೇಲಿ ಏನಾಯ್ತು ಗೊತ್ತಾ? ಹೆಸರಿನ ಪಟ್ಟಿ ನೋಡಿ ಅಧಿಕಾರಿ, ಓಹೋ, ಇಲ್ಲಿ ತಕೆದಾ ಇದಾನೆ, ಇವ್ರು ಯುದ್ಧದ ಮನೆತನ, ಮೊದಲ ಸಾಲಿಗೆ ಹಾಕ್ರಿ ಅಂದ್ನಂತೆ" ಎಂದುಬಿಟ್ಟ. ಊರಿಗೆ ಊರೇ ನಡುಗಿತು. ಮರುದಿನ ಬೆಳಗಾಗುವುದಕ್ಕೆ ಮೊದಲೇ ದೊರೆಗಳೆಲ್ಲ ದೇವಸ್ಥಾನದ ಮುಂದೆ ಸಾಲುಗಟ್ಟಿದ್ದರು. ಕಿಹಾಚಿ ಮಾವ, "ನಂಗೆ ಮೂಲಂಗಿ ಅಂತ ಬರೀರಿ ಗುರುಗಳೇ, ಸಾಕು" ಎಂದರೆ, ಮೊಸುಕೆ ಮಾವ, "ನಂಗೆ ಬೂತಾಯಿ ಮೀನು ಅಂತ ಬರೀರಿ, ಮೀನಿನ ತಲೆ ಹಾರಿದ್ರೆ ಯಾರೂ ಕಥೆ ಕಟ್ಟಲ್ಲ" ಎಂದರು. ಗುರುಗಳು ನಗಲಿಲ್ಲ. ಎಲ್ಲರನ್ನೂ ಒಳಗೆ ಕೂರಿಸಿ, ಬುದ್ಧನ ಎದುರಿಗೇ ಹೇಳಿದರು: "ದಂಡಿನವ್ರು ನೋಡೋದು ಎತ್ತರ, ವಯಸ್ಸು, ವಾರಸುದಾರನೋ ಅಲ್ವೋ, ಇಷ್ಟೇ. ತಕೆದಾ ಆದ್ರೂ ಮೂಲಂಗಿ ಆದ್ರೂ ಹೋಗ್ಬೇಕಾದೋನು ಹೋಗ್ತಾನೆ. ಹೆಸರಿಗೂ ದಂಡಿಗೂ ಸಂಬಂಧ ಇಲ್ಲ. ಆ ಗುಳಿಗೆ ಮಾರೋನ ಮಾತು ಹೊಟ್ಟೆನೋವಿಗೂ ಆಗಲ್ಲ." ಎಲ್ಲರಿಗೂ ಜೀವ ಬಂತು. ಮೂಲಂಗಿಯಾಗಲು ಹೋದವರು ಮತ್ತೆ ತಕೆದಾ ಆಗಿ, ಎದೆ ಮುಂದೆ ಮಾಡಿಕೊಂಡು ಮನೆಗೆ ಬಂದರು.

ಈಗ ಕೆಲಸದ ಮಾತು. ಈ ಪತ್ರದ ಜೊತೆ ಮುಖಂಡರು ಬರೆದ ದತ್ತಿನ ಕಾಗದ ಇದೆ. ಮನೆಯ ಯಜಮಾನರಾದ ನಿಮ್ಮ ಮುದ್ರೆ ಅದರ ಮೇಲೆ ಬೀಳಬೇಕು. ಮುದ್ರೆ ನಿಮ್ಮ ಸೊಂಟದ ಚೀಲದಲ್ಲೇ ಇದೆಯಲ್ಲ. ಪ್ಲಮ್ ಹಣ್ಣಾಗುವ ಕಾಲದ ಮಳೆ ಹಿಡಿಯುವ ಮೊದಲು ಮುಖಂಡರು ಊರಿನ ಕಾಗದಗಳನ್ನೆಲ್ಲ ಪಟ್ಟಣಕ್ಕೆ ಒಯ್ಯುತ್ತಾರೆ. ಅಷ್ಟರಲ್ಲಿ ಬಾರದಿದ್ದರೆ ನಾನು ನಿಮ್ಮ ಎರಡನೆಯ ಮಗನಾಗಿಯೇ ಪಟ್ಟಿಯಲ್ಲಿ ಉಳಿಯುತ್ತೇನೆ, ದಂಡಿಗೆ ಹೋಗುತ್ತೇನೆ. ಇದೇ ಹಡಗು ನಿಮ್ಮಲ್ಲಿ ಮೀನು ತುಂಬಿಕೊಂಡು ನೇರ ನಮ್ಮ ಕಡೆಗೇ ಮರಳುತ್ತದೆ. ಅದರಲ್ಲೇ ಕಳಿಸಿಕೊಡಿ. ನಾನು ದತ್ತು ಹೋದರೂ ದೂರವೇನು, ಆ ಗುಡಿಸಲಿನಿಂದ ನಮ್ಮ ಮನೆಯ ಹೊಗೆ ಕಾಣುತ್ತದೆ. ನೀವು ಬಂದಾಗ ದೋಣಿ ಎಳೆಯಲು ಮೊದಲು ಓಡಿ ಬರುವವನು ನಾನೇ.

ಮೊಣಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೊಳ್ಳಿ. ಅಣ್ಣ ನಿಮಗೆ ಅಡ್ಡಬಿದ್ದಿದ್ದಾನೆ. ಅಮ್ಮ ಒಂದು ಹುಳಿ ಪ್ಲಮ್ ಡಬ್ಬಿ ತಂದು ಪತ್ರದ ಪಕ್ಕ ಇಟ್ಟಿದ್ದಾಳೆ, ಅದೇ ಅವಳ ಮಾತು. ಕಡಲು ನಿಮ್ಮನ್ನು ನಮಗೆ ಮರಳಿ ಕೊಡಲಿ.

ನಿಮ್ಮ ಮಗ,
ಹಮನಾಕ ಉಮೆಕಿಚಿ

ಮತ್ತೊಂದು ಮಾತು. ಗುಮಾಸ್ತರೇ, ದಯವಿಟ್ಟು ಇದನ್ನು ಅಪ್ಪನೊಬ್ಬರನ್ನೇ ಕರೆದು ಓದಿ ಹೇಳಿ. ಅಮ್ಮ ನೀರಿಗೆ ಹೋಗಿದ್ದಾಳೆ. ಇದನ್ನು ಬರೆಯಬೇಡ, ಮುದ್ರೆ ಬಂದ ಮೇಲೆ ತಿಳಿದರೆ ಸಾಕು ಎಂದಿದ್ದಳು. ಆದರೆ ನಿಮ್ಮ ಮುದ್ರೆಯನ್ನು ನಿಮಗೆ ಗೊತ್ತಿಲ್ಲದ ಮಾತಿನ ಮೇಲೆ ಒತ್ತಿಸಿಕೊಳ್ಳಲು ನನ್ನಿಂದಾಗದು. ಅಪ್ಪಾ, "ಕೊಟ್ರೆ ತೈರಾ ಮನೆಗೆ ಕೊಡ್ತೀನಿ, ಬರೀ ಉಪ್ಪಿನ ಗುಡಿಸಲಿಗೆ ನನ್ನ ಮಗನ್ನ ಕೊಡಲ್ಲ" ಎಂದು ನೀವು ಹೇಳಿದ್ದಿರಿ. ಒತೊರಾ ಅಜ್ಜಿಯ ಗಂಡನ ಹಿರಿಯರು ಕಡಲಯುದ್ಧದಲ್ಲಿ ಸೋತು ಈ ದಡಕ್ಕೆ ಬಂದು ಅಡಗಿದ, ಹಳೆಯ ಯುದ್ಧಕುಲದ ತೈರಾಗಳೆಂದು ಊರಿಗೆಲ್ಲ ಗೊತ್ತು. ಅಜ್ಜಿಯ ಗಂಡ ಹೊಸ ವರ್ಷಕ್ಕೊಮ್ಮೆ ಅಟ್ಟದ ಕತ್ತಿ ತೆಗೆದು ಒರೆಸುತ್ತಿದ್ದುದನ್ನು ನೀವೂ ನೋಡಿದ್ದೀರಿ. ಊರಿನಲ್ಲಿ ದೊಡ್ಡ ಹೆಸರು ನಿಜವಾಗಿ ಯಾರದಾದರೂ ಆಗಿದ್ದರೆ ಅದು ಅಜ್ಜಿಯ ಮನೆಯದೊಂದೇ. ಅಜ್ಜಿ ಅದನ್ನು ಬಿಟ್ಟಳು. ಹೆಸರು ಬರೆಸುವ ಕೊನೆಯ ದಿನ ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಹಮನಾಕ ಎಂದು ನಮ್ಮ ಹೆಸರನ್ನೇ ಬರೆಸಿದಳು. ದತ್ತಿನ ಕಾಗದದಲ್ಲೂ ಹಾಗೆಯೇ ಇದೆ.

ಅವತ್ತು ನಾನು ಅಲ್ಲಿ ಅಂಗಳ ಗುಡಿಸುತ್ತಿದ್ದೆ. ಅಜ್ಜಿ ನನ್ನನ್ನು ನೋಡಲಿಲ್ಲ. ಇದೇಕಮ್ಮಾ ಎಂದು ಗುರುಗಳು ಕೇಳಿದ್ದಕ್ಕೆ, "ತೈರಾ ಅಂದ್ರೆ ದಂಡಿನವ್ರು ಮೊದ್ಲು ಹಿಡೀತಾರಂತೆ" ಎಂದಳು. ಹೆಸರಿಗೂ ದಂಡಿಗೂ ಸಂಬಂಧವಿಲ್ಲವೆಂದು ಗುರುಗಳು ಹೇಳಿದಾಗ ಎಲ್ಲರಿಗಿಂತ ಮುಂದೆ ಕೂತಿದ್ದವಳು ಅವಳೇ. ಗುರುಗಳು ಅದನ್ನು ನೆನಪಿಸಿದರು. ಆಗ ಅಜ್ಜಿ ಹೇಳಿದಳು: "ಅವನ ಅಮ್ಮ ನಮ್ಮನೆಗೆ ಬಂದು ಏನೂ ಮಾತಾಡ್ದೆ ಬೂದಿ ಕೆದಕ್ತಾ ಕೂತಿದ್ಲು ಗುರುಗಳೇ. ಸಮುದ್ರ ನನ್ನ ಮಗನ್ನ ತಗೊಂಡಾಗ ನಾನೂ ಹಂಗೇ ಕೂತಿದ್ದೆ. ಹುಡುಗನ್ನ ತಗೋತೀನಿ. ಅವಳಿಟ್ಟ ಹೆಸರನ್ನೂ ಯಾಕೆ ಕಿತ್ಕೊಳ್ಳಲಿ?" ಹಾಗಾದರೆ ಗಂಡ ಮತ್ತು ಮಗನ ಸ್ಮಾರಕ ಫಲಕಗಳಿಗೆ ಏನು ಬರೆಯುವುದು ಎಂದರು ಗುರುಗಳು. "ಸತ್ತೋರು ತೈರಾ ಆಗೇ ಇರ್ಲಿ. ಅವ್ರನ್ನ ಯಾರೂ ದಂಡಿಗೆ ಕರೆಯಲ್ಲ." ನಾಳೆ ನೀನು ಹೋದಾಗ ಗಂಡನ ಪಕ್ಕ ಬೇರೆ ಹೆಸರಿನಲ್ಲಿ ಮಲಗುತ್ತೀಯಾ ಎಂದು ಗುರುಗಳು ಮೆಲ್ಲಗೆ ಕೇಳಿದರು. ಅಜ್ಜಿ ನಕ್ಕಳು. "ಬದುಕಿದ್ದಾಗ್ಲೇ ಆ ಮನುಷ್ಯ ನನ್ನ ಹೆಸರು ಹಿಡಿದು ಒಂದಿನ ಕರೀಲಿಲ್ಲ. 'ಏಯ್' ಅಂತಿದ್ದ. ಅಲ್ಲೂ ಹಂಗೇ ಕರೀತಾನೆ ಬಿಡಿ."

ಹಡಗಿನವರು ಶಂಖ ಊದುತ್ತಿದ್ದಾರೆ. ಮುದ್ರೆ ಒತ್ತಿ ಕಳಿಸಿ ಅಪ್ಪಾ. ಇದು ಬರೀ ಉಪ್ಪಿನ ಗುಡಿಸಲಲ್ಲ.