ಹೆಸರು ತಪ್ಪಿದ ರಜೆ ಅರ್ಜಿ

ಅಡ್ಡಗದ್ದೆ, ೧೪ ಜುಲೈ ೨೦೦೪

ಅಮ್ಮಾ, ನನ್ನ ಡಿಯರ್ ಅಮ್ಮಾ,

ನೀನು ತೀರಿಹೋಗಿ ವರ್ಷವಾದ ಮೇಲೆ ನಿನಗೆ ಕಾಗದ ಬರೆಯುವ ಹುಚ್ಚಿ ನಾನೊಬ್ಬಳೇ ಇರಬೇಕು! ಮದುವೆಯಾಗಿ ಎರಡು ತಿಂಗಳು. ಶಿವಕಿರಣ ಎಷ್ಟು ಒಳ್ಳೆಯವರು ಗೊತ್ತಾ? ಇಬ್ಬರದೂ ಒಂದೇ ಶಾಲೆ, ಒಂದೇ ಬಸ್ಸು. ಅವರು ಗಣಿತ ಹೇಳಿಕೊಡುತ್ತಾರೆ, ನಾನು ಇಂಗ್ಲಿಷ್.

ಇವತ್ತು ಒಂದು ತಮಾಷೆ ಆಯಿತು. ಹೋದ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಯಾರಾದರೂ ಮನೆಯಲ್ಲಿರಬೇಕು. ಬೆಳಿಗ್ಗೆ ಇವರು, "ಹೆಡ್‌ಮಾಸ್ಟರಿಗೆ ಒಂದು ಲೆಟರ್ ಬರಿ ಮಾರಾಯ್ತಿ, ನಿನ್ನ ಇಂಗ್ಲಿಷ್ ಚೆಂದ" ಅಂದರು. ಖುಷಿಯಿಂದ ಬರೆದೆ: ಅಮ್ಮನಿಗೆ ಹುಷಾರಿಲ್ಲ, ಒಂದು ತಿಂಗಳು ರಜೆ ಬೇಕು. ಕೆಳಗೆ ಅವರ ಹೆಸರು ಹಾಕಿದೆ.

ಓದಿ ಬಿದ್ದುಬಿದ್ದು ನಕ್ಕರು. "ಅಪ್ಪಯ್ಯ, ಕೇಳಿದ್ಯಾ? ಇವಳು ನನಗೇ ರಜೆ ಕೊಡಿಸ್ತಾಳೆ!"

ಮಾವನೂ ನಕ್ಕರು. "ಗಂಡಸು ಎಂತ ಮಾಡ್ತಾನೆ ಕೂಸೆ, ಬೆಡ್‌ಪ್ಯಾನ್ ಹಿಡೀತಾನಾ? ತಿಂಗಳಲ್ಲಿ ಏಳೋ ಸೊಂಟವೂ ಅಲ್ಲ ಅದು."

ನಾನೂ ನಕ್ಕೆ. ನಿಜವಾಗಿ ನಕ್ಕೆ, ಅಮ್ಮಾ.

ಆಮೇಲೆ ಇನ್ನೊಂದು ಹಾಳೆ ತಗೊಂಡೆ. ಹೆಸರು ನನ್ನದು ಹಾಕಿದೆ. 'ಅಮ್ಮ' ಅಂತಿದ್ದದ್ದನ್ನು 'ಅತ್ತೆ' ಮಾಡಿದೆ, 'ರಜೆ' ಅಂತಿದ್ದದ್ದನ್ನು 'ರಾಜೀನಾಮೆ'. ಇವರು ಅದನ್ನು ಜೇಬಿಗಿಟ್ಟುಕೊಂಡು ಒಂಬತ್ತರ ಬಸ್ಸಿಗೆ ಹೋದರು. ನಾನು ಅತ್ತೆಗೆ ಗಂಜಿ ಕುಡಿಸಿದೆ, ಬೆನ್ನಿಗೆ ಪೌಡರ್ ಹಾಕಿದೆ. ಏನೂ ಅನ್ನಿಸಲಿಲ್ಲ.

ನೀನು ಕೊಪ್ಪದ ಆಸ್ಪತ್ರೆಯಲ್ಲಿದ್ದಾಗ ನಾನು ಒಂದು ದಿನವೂ ರಜೆ ಹಾಕಲಿಲ್ಲ. "ಬರಬೇಡ ಕೂಸೆ, ಹೊಸ ಕೆಲಸ, ಕೈತಪ್ಪಿ ಹೋದೀತು" ಅಂದಿದ್ದೆ ನೀನು.

ನಾನು ಬರಲೇ ಇಲ್ಲ.