ಎರಡೂ ಎಡಗಾಲು

ಮಾರ್ಚ್ 4
ನೂರೈವತ್ತು ಜೊತೆ ಶೂಗಳಿಗೆ ಸೋಲ್ ಅಂಟಿಸಿ, ಡಬ್ಬಿಗೆ ತುಂಬಿ, ಒಳಗೆ ನನ್ನ ನಂಬರ್ ಚೀಟಿ — 8 — ಹಾಕಿದ್ದಾಯಿತು. ಕಿಟಕಿ ಪಕ್ಕದ ಜಾಗ ನನ್ನದು, ಹಿರಿಯಳಲ್ಲವೇ. ತಂಗಿ ಮೂಲೆಯಲ್ಲಿ, ಅಂಟಿನ ಡ್ರಮ್ಮಿನ ಬಳಿ. ಬಾಯಿಗೆ ಬೀಗವಿಲ್ಲ, ಕಾರ್ಖಾನೆಗೆಲ್ಲ ಅವಳು ‘ರೇಡಿಯೊ’. ಎರಡು ವರ್ಷದ ಹಿಂದೆ ಸೇರಿಸಿದ್ದು ನಾನೇ. ಕಲಿಸಿದ್ದೂ ನಾನೇ: "ಅಂಟು ಸೋಪಿಗೆಲ್ಲ ಜಗ್ಗಲ್ಲ ಕಣೇ. ಥಿನ್ನರ್‌ನಲ್ಲಿ ಕೈ ಅದ್ದು. ಉಗುರು ಸಂದಿನೂ ಬಿಡಬೇಡ." ಇಲ್ಲಿ ಎಲ್ಲರೂ ಹಾಗೇ ತೊಳೆಯುವುದು.

ಮಾರ್ಚ್ 21
ತಂಗಿ ತುಂಬಿದ ಡಬ್ಬಿಯಲ್ಲಿ ಎರಡೂ ಎಡಗಾಲಿನ ಶೂ! ಸೂಪರ್‌ವೈಸರ್ ಕೈಮುಗಿದ: "ಎರಡೂ ಎಡಗಾಲಿರೋ ಗಿರಾಕೀನ ನೀನೇ ಹುಡುಕ್ಕೊಂಡು ಬಾ ತಾಯಿ." ಬಿದ್ದು ಬಿದ್ದು ನಕ್ಕೆವು. ಅವಳು ಮಾತ್ರ ಶೂಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಜೂನ್ 9, ಆಸ್ಪತ್ರೆ
ತಂಗಿ ಮೆಟ್ಟಿಲಲ್ಲಿ ಮೂರನೇ ಸಲ ಬಿದ್ದಳು. ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಕೇಳಿದರು, "ಕೈ ಯಾವುದ್ರಲ್ಲಿ ತೊಳೀತಾಳೆ?" ಹೇಳಿದೆ. ಪೆನ್ನು ಕೆಳಗಿಟ್ಟರು.
ಥಿನ್ನರ್‌ನ ವಿಷ ಉಸಿರಲ್ಲೂ ಚರ್ಮದಲ್ಲೂ ಇಳಿದು ಮಿದುಳು ಸೇರಿದೆಯಂತೆ. ಅಲ್ಲಿ ನರಕೋಶದ ಎಳೆಗಳ ಮೇಲಿನ ಹೊದಿಕೆ ಸುಲಿದಿದೆ, ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ. ಕೋಶದ ಕವಲುಗಳೂ ಮುರುಟಿವೆ.
"ಮತ್ತೆ ಚಿಗುರಲ್ವಾ ಡಾಕ್ಟ್ರೇ?"
"ಇನ್ನು ಆ ಗಾಳಿ ಬೇಡ. ಹೋಗಿರೋದು..." ಪೆನ್ನು ಮತ್ತೆ ಕೈಗೆತ್ತಿಕೊಂಡರು.

ಜೂನ್ 11
ಫ್ಯಾನ್ ಹಾಕಿಸಿ, ಗ್ಲೌಸ್ ಕೊಡಿ ಎಂದು ಸೂಪರ್‌ವೈಸರ್‌ನನ್ನು ಕೇಳಿದೆ. "ಗ್ಲೌಸಲ್ಲಿ ಕೆಲ್ಸ ಓಡಲ್ಲಮ್ಮ. ಹನ್ನೊಂದು ವರ್ಷದಿಂದ ನೀನು ಗುಂಡುಕಲ್ಲಿನ ಹಾಗಿಲ್ವಾ?" ಎಂದ. ಬಂದು ಕುಳಿತು, ಡಬ್ಬಿಗಳಿಗೆ ನನ್ನ 8ರ ಚೀಟಿ ಹಾಕತೊಡಗಿದೆ.

ಆಗಸ್ಟ್ 30
ಮನೆ ನಡೆಯಬೇಕಲ್ಲ, ನಾನು ಇನ್ನೂ ಕಾರ್ಖಾನೆಯಲ್ಲೇ. ಮನೆಯಲ್ಲಿ ರೇಡಿಯೊ ಸುಮ್ಮನಾಗಿದೆ. ಬಚ್ಚಲು ಯಾವ ಕಡೆ ಎಂಬುದೂ ಅವಳಿಗೆ ಮರೆಯುತ್ತದೆ. ಇವತ್ತು ಊಟಕ್ಕೆ ಕೂರಿಸಿದರೆ ನೀರಿನ ಬಟ್ಟಲಿಗೆ ಕೈ ಅದ್ದಿ ಉಜ್ಜುತ್ತಲೇ ಇದ್ದಳು.
"ಸಾಕು ಬಿಡೇ."
"ಉಗುರು ಸಂದಿ... ಬಿಡಬೇಡ ಅಂತ ಅಕ್ಕ ಹೇಳಿದಾಳೆ."
ಆ ಅಕ್ಕ ನಾನೇ ಎನ್ನಲು ಧೈರ್ಯ ಬರಲಿಲ್ಲ. ನನ್ನ ಬಾಯಿ ಬಿದ್ದುಹೋಗ. ಇನ್ನೇನಾದರೂ ಕಲಿಸಬಾರದಿತ್ತೇ...

ಅಕ್ಟೋಬರ್ 17
ಮಧ್ಯಾಹ್ನ ಮತ್ತೆ ಗೊಳ್ಳೆಂದು ನಗು. ಯಾವುದೋ ಡಬ್ಬಿಯಲ್ಲಿ ಎರಡೂ ಎಡಗಾಲು. ಸೂಪರ್‌ವೈಸರ್ ಅದೇ ಹಳೇ ಜೋಕ್ ತೆಗೆದ. ನನಗೆ ನಗು ಬರಲಿಲ್ಲ. ಪಾಪ, ಈ ಸಲ ಯಾರೋ ಎಂದು ಒಳಗಿನ ಚೀಟಿ ತೆಗೆದು ಓದಿದೆ. ನಂಬರ್ 8.
"ಎಂಟು ಯಾರದ್ರೇ?" ಅಂದೆ.
ನಗು ನಿಂತಿತು. ಎಲ್ಲರೂ ನನ್ನನ್ನೇ —