ಮುಂದಿನ ಮೆಟ್ಟಿಲು

ಕುರ್ಲಾ, ಮಾರ್ಚ್ ೧೯೭೪

ಚಾಳಿನ ಮಾಲೀಕರಾದ ಬಸವಂತರಾಯರಿಗೆ,

ನಿಮ್ಮ ಚಾಳಿನಲ್ಲಿ ಬಾಡಿಗೆಗಿರುವ ಮರೆಪ್ಪ ಮಾಸ್ತರರ ಮಗಳು ಮಲ್ಲಕ್ಕ ಬರೆಯುವುದು.

ಕುರ್ಲಾ, ಭಾಂಡುಪ್‌ಗಳ ಜೋಪಡಿ ಜೋಪಡಿ ಸುತ್ತಿ, ಈ ಮುಂಬಯಿ ಕಟ್ಟಲು ಕಲ್ಲು ಹೊತ್ತ ನಮ್ಮ ಕಡೆಯ ಜನರ ಇತಿಹಾಸವನ್ನು ಅಪ್ಪ ಬರೆದಿಟ್ಟಿದ್ದಾರೆ. "ಏ ಮರ್ಯಾ, ಕಲ್ಲು ಹೊರೋರಿಗೆ ಎಂಥಾ ಇತಿಹಾಸಲೇ? ರದ್ದಿಗೆ ಹಾಕು" ಎಂದವರು ನೀವೇ. ಆ ರದ್ದಿಯನ್ನು ಈಗ ವಿಶ್ವವಿದ್ಯಾಲಯದ ಗ್ರಂಥಾಲಯ ತಾನಾಗಿ ಕೇಳಿ ಒಯ್ಯುತ್ತಿದೆ. ಅಪ್ಪನ ಹೆಸರಿನಲ್ಲೇ ಕಾಯ್ದಿಡುತ್ತದೆ.

ಅದರಲ್ಲಿ ನಿಮ್ಮ ಅಜ್ಜನೂ ಇದ್ದಾರೆ. ಅವರೂ ಕಲ್ಲು ಹೊತ್ತವರೇ. ಸಿಟ್ಟಿಗೆ ನಾನು ಆ ಹಾಳೆ ಹರಿಯಲು ಹೋದೆ. "ಬ್ಯಾಡವ್ವಾ, ಆ ಮುದುಕ ಭಾಳ ದುಡದಾನ, ಇರ್ಲಿ" ಎಂದು ಅಪ್ಪ ತಡೆದರು.

ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಲಾರಿ ಬರುತ್ತದೆ. ನಮ್ಮ ಜಾತಿಗೆಂದು ನೀವು ಬಿಟ್ಟುಕೊಟ್ಟಿರುವ ಸಂಡಾಸಿನ ಪಕ್ಕದ ಹಿಂದಿನ ಮೆಟ್ಟಿಲು ಇಕ್ಕಟ್ಟು, ಅಪ್ಪನ ಬರಹದ ಪೆಟ್ಟಿಗೆಗಳು ಹಿಡಿಸುವುದಿಲ್ಲ. ಮುಂದಿನ ಮೆಟ್ಟಿಲ ಬುಡದಲ್ಲಿ, ನಾವು ಹತ್ತದಂತೆ ನೀವು ಕಾವಲು ಕೂರುವ ಕುರ್ಚಿಯನ್ನು ದಯವಿಟ್ಟು ಸರಿಸಿಡಿ. ಮೊದಲ ಪೆಟ್ಟಿಗೆ ಹೊತ್ತು ಅಪ್ಪನೇ ಅಲ್ಲಿಂದ ಇಳಿಯುತ್ತಾರೆ.

ಕುರ್ಚಿಯನ್ನು ಮತ್ತೆ ಅಡ್ಡ ಇಡಬೇಡಿ. ಲಾರಿ ಹೋದ ಮೇಲೆ ಅಪ್ಪ ಬರಿಗೈಯಲ್ಲಿ ಅದೇ ಮೆಟ್ಟಿಲು ಹತ್ತಿ ಮನೆಗೆ ಬರುತ್ತಾರೆ. ಹಿಂದೆಯೇ ನಾನೂ.

ನಿಮ್ಮ ತಲೆಯ ಮೇಲಿನ ಖೋಲಿಯಿಂದ,
ಮಲ್ಲಕ್ಕ ಮರೆಪ್ಪ